ಕೈ ನಡುಗುವವರಿಗೆ ಮರೆವೂ ಬರುತ್ತಾ?

ಹಿಂದಿನ ಸಂಚಿಕೆಯಲ್ಲಿ ಎಸೆನ್ಷಿಯಲ್ ಟ್ರೆಮರ್ ಬಗ್ಗೆ ಬರೆದಿದ್ದೆ. ಸುಮ್ಮನೆ ಕೂತಾಗ ಅಲ್ಲ, ಲೋಟ ಎತ್ತುವಾಗ, ಸಹಿ ಹಾಕುವಾಗ, ಕೈ ಮುಂದೆ ಚಾಚಿದಾಗ ನಡುಗುವ ಕಾಯಿಲೆ ಇದು, ಪಾರ್ಕಿನ್ಸನ್ ಅಲ್ಲ ಅನ್ನುವುದು ಆ ಬರಹದ ಸಾರ. ಅದಾದ ಮೇಲೆ ಬಂದ ಪತ್ರಗಳಲ್ಲಿ ನಡುಕದ ಬಗ್ಗೆ ಕೇಳಿದವರು ಕಡಿಮೆ, ಮರೆವಿನ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಈ ಸಲ ಪೂರ್ತಿ ಅದೇ. ಹೆಸರುಗಳನ್ನು ಬಿಟ್ಟಿದ್ದೇನೆ, ಊರು ಮಾತ್ರ ಇದೆ.

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನನ್ನ ಅಮ್ಮನಿಗೆ 71 ವರ್ಷ. ನಲವತ್ತೈದರ ಆಸುಪಾಸಿನಿಂದಲೇ ಕೈ ನಡುಗುತ್ತದೆ, ಅಜ್ಜಿಗೂ ಹಾಗೇ ಇತ್ತಂತೆ. ಈಗ ತಲೆಯೂ ಬೇಡ ಬೇಡ ಅನ್ನುವ ಹಾಗೆ ಅಲ್ಲಾಡುತ್ತದೆ. ಅದೆಲ್ಲ ನಮಗೆ ಅಭ್ಯಾಸ ಆಗಿದೆ. ಆದರೆ ಎರಡು ವರ್ಷದಿಂದ ಬೇರೆ ಏನೋ ಆಗುತ್ತಿದೆ. ಒಗ್ಗರಣೆಗೆ ಇಟ್ಟಾಗ ಯಾರಾದರೂ ಮಾತಾಡಿಸಿದರೆ ಒಲೆ ಮೇಲೆ ಇಟ್ಟಿದ್ದೇ ಮರೆತುಹೋಗುತ್ತದೆ. ಮಾತಿನ ಮಧ್ಯೆ ಪದ ಸಿಗದೆ ‘ಅದೇ ಕಣೇ, ಅದು’ ಅನ್ನುತ್ತಾರೆ. ಮಹಿಳಾ ಸಂಘದ ಲೆಕ್ಕ ವರ್ಷಗಟ್ಟಲೆ ಬರೆದವರು, ಈಗ ಕೂಡಿಸಲು ಕೂತರೆ ತಲೆ ಕೆಡುತ್ತದೆ ಅಂತ ಬಿಟ್ಟೇಬಿಟ್ಟಿದ್ದಾರೆ. ಹಾಗಂತ ಯಾರ ಮದುವೆ ಯಾವ ಛತ್ರದಲ್ಲಿ ಆಯ್ತು, ಹೋದ ವಾರ ಯಾರು ಮನೆಗೆ ಬಂದಿದ್ದರು, ಎಲ್ಲಾ ನೆನಪಿದೆ! ವಯಸ್ಸಾಯ್ತಲ್ಲ ಅಂತ ಇಲ್ಲಿನ ಡಾಕ್ಟರ್ ಹೇಳಿದರು. ಚಿಕ್ಕಪ್ಪ ಪಾರ್ಕಿನ್ಸನ್ ಅನ್ನುತ್ತಾರೆ. ನಡುಕಕ್ಕೆ ಪ್ರೊಪ್ರನಲಾಲ್ ಮೊದಲಿನಿಂದ ಇದೆ, ಒಂದೂವರೆ ವರ್ಷದ ಹಿಂದೆ ಟೋಪಿರಮೇಟ್ ಸೇರಿಸಿದರು, ರಾತ್ರಿ ನಿದ್ದೆಗೆ ಕ್ಲೋನಜೆಪಾಮ್. ನಡುಕಕ್ಕೂ ಮರೆವಿಗೂ ಸಂಬಂಧ ಇದೆಯಾ?
– ಮಗಳು, ಹಾಸನ

ಉತ್ತರ: ಸಂಬಂಧ ಇದೆ. ಆದರೆ ನಿಮ್ಮ ಅಮ್ಮನ ವಿಷಯದಲ್ಲಿ ಕಾಯಿಲೆಗಿಂತ ಮೊದಲು ನನಗೆ ಅನುಮಾನ ಬರುವುದು ಮಾತ್ರೆ ಡಬ್ಬಿಯ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ.

ಎಸೆನ್ಷಿಯಲ್ ಟ್ರೆಮರ್ ಬರೀ ಕೈಯ ಕಾಯಿಲೆ ಅಂತಲೇ ನಾವೆಲ್ಲ ಓದಿದ್ದು. ನಡುಕ ಬಿಟ್ಟರೆ ಬೇರೇನೂ ಇಲ್ಲ, ಹೆದರಬೇಡಿ ಅಂತ ಹೇಳಿ ಕಳಿಸುತ್ತಿದ್ದ ಕಾಲ ಅದು. 2001ರ ಹೊತ್ತಿಗೆ ಕೆಲವು ವೈದ್ಯರು ಇಂಥವರನ್ನು ಕೂರಿಸಿಕೊಂಡು ಗಮನ, ಯೋಚನೆ, ನೆನಪಿನ ಪರೀಕ್ಷೆಗಳನ್ನು ಮಾಡಿದರು. ನಡುಕ ಇಲ್ಲದವರ ಜೊತೆ ಹೋಲಿಸಿದಾಗ ಇವರು ಕೆಲವು ಕಡೆ ಸ್ವಲ್ಪ ಹಿಂದೆ ಬಿದ್ದರು. ಆಮೇಲೆ ಸ್ಪೇನ್, ಅಮೆರಿಕಗಳಲ್ಲೂ ಅದೇ ಕಂಡಿತು. ನಮ್ಮ ನಿಮ್ಹಾನ್ಸ್‌ನಲ್ಲಿ ಎಂಆರ್‌ಐ ಜೊತೆ ಸೇರಿಸಿ ನೋಡಿದಾಗಲೂ ಅದೇ. 2018ರಲ್ಲಿ ನಡುಕದ ಕಾಯಿಲೆಗಳ ಅಂತರರಾಷ್ಟ್ರೀಯ ವಿಂಗಡಣೆ ಹೊಸದಾಗಿ ಪ್ರಕಟವಾಯಿತು, ಅದರಲ್ಲಿ ‘ಎಸೆನ್ಷಿಯಲ್ ಟ್ರೆಮರ್ ಪ್ಲಸ್’ ಅಂತ ಒಂದು ಗುಂಪನ್ನೇ ಮಾಡಿದ್ದಾರೆ. ನಡುಕದ ಜೊತೆಗೆ ಸಣ್ಣ ಮಟ್ಟದ ಮರೆವು ಇದ್ದರೆ, ಅಥವಾ ಹೆಜ್ಜೆಗೆ ಹೆಜ್ಜೆ ಹೊಂದಿಸಿ ಗೆರೆ ಮೇಲೆ ನಡೆಯುವಾಗ ತೂರಾಡಿದರೆ ಆ ಗುಂಪಿಗೆ ಸೇರುತ್ತಾರೆ.

ಯಾಕೆ ಹೀಗೆ ಅಂದರೆ, ನಡುಕದ ಮೂಲ ಕೈಯಲ್ಲಿ ಇಲ್ಲ. ತಲೆಯ ಹಿಂಭಾಗದಲ್ಲಿ ಕೆಳಗೆ ಇರುವ ಕಿರುಮಿದುಳು ಮತ್ತು ಅಲ್ಲಿಂದ ಮುಂದಿನ ಮಿದುಳಿಗೆ ಹೋಗುವ ನರದ ದಾರಿಗಳಲ್ಲಿ ಇದೆ. ಭಜನೆಯಲ್ಲಿ ತಾಳ ಹಾಕುವವನ ಕೆಲಸ ಕಿರುಮಿದುಳಿನದು. ಹಾಡುವುದು ಅವನಲ್ಲ, ಆದರೆ ಅವನು ತಪ್ಪಿದರೆ ಎಲ್ಲರೂ ಎಡವುತ್ತಾರೆ. ಕಿರುಮಿದುಳು ಕೈಕಾಲಿನ ಚಲನೆಯನ್ನು ಹದಗೊಳಿಸುತ್ತದೆ ಅಂತ ಹಳೆಯ ತಿಳಿವಳಿಕೆ. ಯೋಚನೆ, ಮಾತಿನ ಓಟವನ್ನೂ ಅದೇ ಹದದಲ್ಲಿ ಇಡುತ್ತದೆ ಅಂತ 1998ರಲ್ಲಿ ಬಾಸ್ಟನ್‌ನ ಶ್ಮಾಮನ್ ಮತ್ತು ಶೆರ್ಮನ್ ಅನ್ನುವ ವೈದ್ಯರು ರೋಗಿಗಳನ್ನು ನೋಡಿ ವಿವರಿಸಿದ ಮೇಲೆ ಎಲ್ಲರೂ ಅತ್ತ ಗಮನ ಕೊಟ್ಟರು.

ಈಗ ನಿಮ್ಮ ಪತ್ರವನ್ನೇ ಇನ್ನೊಂದು ಸಲ ಓದಿ. ಎರಡು ಕೆಲಸ ಒಟ್ಟಿಗೆ ಬಂದರೆ ಒಂದು ಜಾರುತ್ತದೆ, ಪದ ಬಾಯಿಗೆ ಬರುವುದಿಲ್ಲ, ಲೆಕ್ಕ ಹಿಡಿತಕ್ಕೆ ಸಿಗುವುದಿಲ್ಲ. ಆದರೆ ಹೋದ ವಾರದ ಸುದ್ದಿ ನೆನಪಿದೆ. ಎಸೆನ್ಷಿಯಲ್ ಟ್ರೆಮರ್ ಇರುವವರಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ ಬಗೆ. ನೆನಪು ಹೋಗಿರುವುದಿಲ್ಲ, ಗಮನ ಚದುರುತ್ತದೆ, ಯೋಜನೆ ಹಾಕುವುದು ನಿಧಾನ ಆಗುತ್ತದೆ. ಒಂದು ಸುಳಿವು ಕೊಟ್ಟು ನೋಡಿ. ‘ಅದೇ, ಮೊಸರು ಕಡೆಯೋದು’ ಅಂದ ಕೂಡಲೇ ‘ಹಾಂ, ಕಡಗೋಲು’ ಅಂತ ಬಂದರೆ ಪದ ಒಳಗೆ ಇದೆ, ಹುಡುಕುವುದು ಕಷ್ಟವಾಗಿದೆ ಅಂತ ಅರ್ಥ. ಬೆಳಗ್ಗೆ ಬಂದು ಹೋದ ನೆಂಟರು ಸಂಜೆಗೆ ನೆನಪಿಲ್ಲ, ಸುಳಿವು ಕೊಟ್ಟರೂ ‘ಬಂದೇ ಇಲ್ಲವಲ್ಲ’ ಅಂದರೆ ಅದು ಬೇರೆ ದಾರಿ, ಆಗ ಆಲ್ಜೈಮರ್ ಬಗ್ಗೆ ಯೋಚನೆ ಮಾಡಬೇಕಾಗುತ್ತದೆ. ಇದು ಮನೆಯಲ್ಲಿ ಅಂದಾಜಿಗೆ ಮಾತ್ರ, ತೀರ್ಪಿಗೆ ಅಲ್ಲ.

ಇನ್ನು ಮಾತ್ರೆ. ಟೋಪಿರಮೇಟ್ ಕೈ ನಡುಕ ಕಡಿಮೆ ಮಾಡುತ್ತದೆ, ನಿಜ. ಆದರೆ ಪದ ಸಿಗದಿರುವುದು, ಲೆಕ್ಕ ತಪ್ಪುವುದು, ಯೋಚನೆ ಮಂದವಾಗುವುದು ಇದೇ ಮಾತ್ರೆಯ ಹೆಸರಾಂತ ಅಡ್ಡಪರಿಣಾಮ, ಅದೂ ಎಪ್ಪತ್ತು ದಾಟಿದವರಲ್ಲಿ. ಅದರ ಮೇಲೆ ಕ್ಲೋನಜೆಪಾಮ್. ಅದು ನಿದ್ದೆ ಕೊಡುತ್ತದೆ, ನಡುಕವನ್ನೂ ಸ್ವಲ್ಪ ಇಳಿಸುತ್ತದೆ, ಮರುದಿನ ಮಧ್ಯಾಹ್ನದವರೆಗೂ ಮಬ್ಬು ಉಳಿಸುತ್ತದೆ, ರಾತ್ರಿ ಬಚ್ಚಲಿಗೆ ಎದ್ದಾಗ ಬೀಳಿಸುತ್ತದೆ. ಮರೆವು ಎರಡು ವರ್ಷದ್ದು ಅಂದಿದ್ದೀರಿ, ಟೋಪಿರಮೇಟ್ ಒಂದೂವರೆ ವರ್ಷದ್ದು. ಹಳೆ ಚೀಟಿಗಳನ್ನು ತೆಗೆದು ದಿನಾಂಕ ಸರಿಯಾಗಿ ನೋಡಿ. ಮಾತ್ರೆ ಶುರುವಾದ ಮೇಲೆ, ಅಥವಾ ಡೋಸ್ ಏರಿಸಿದ ಮೇಲೆ ಜಾಸ್ತಿ ಆಯ್ತಾ? ಆ ಚೀಟಿಗಳ ಸಮೇತ ನರರೋಗ ತಜ್ಞರ ಹತ್ತಿರ ಹೋಗಿ, ಇದನ್ನು ನಿಧಾನವಾಗಿ ಇಳಿಸಬಹುದಾ ಅಂತ ಕೇಳಿ. ನೀವಾಗೇ ನಿಲ್ಲಿಸಬೇಡಿ. ಕ್ಲೋನಜೆಪಾಮನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು, ಪ್ರೊಪ್ರನಲಾಲ್ ಥಟ್ಟನೆ ಬಿಟ್ಟರೆ ಹೃದಯಕ್ಕೆ ತೊಂದರೆ.

ಜೊತೆಗೆ ರಕ್ತಪರೀಕ್ಷೆ. ಬಿ12, ಥೈರಾಯ್ಡ್, ಶುಗರ್, ಸೋಡಿಯಂ ಇಷ್ಟು ಸಾಕು ಮೊದಲಿಗೆ. ಸಸ್ಯಾಹಾರಿಗಳಲ್ಲಿ, ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆ ಇರುವುದು ತುಂಬಾ ಸಾಮಾನ್ಯ, ಅದೊಂದೇ ಮರೆವು ತರಬಲ್ಲದು. ಕಿವಿ ಸರಿಯಾಗಿ ಕೇಳುತ್ತಾ ನೋಡಿ. ಮನಸ್ಸು ಹೇಗಿದೆ ಅಂತಲೂ ಕೇಳಿ. ಕೈ ನಡುಗುತ್ತದೆ ಅಂತ ಮದುವೆ ಮನೆಯಲ್ಲಿ ಬಡಿಸಲು ಹೋಗದೆ, ದೇವಸ್ಥಾನದಲ್ಲಿ ತೀರ್ಥ ಚೆಲ್ಲುತ್ತದೆ ಅಂತ ಹೋಗುವುದೇ ಬಿಟ್ಟು ಮನೆಯಲ್ಲಿ ಕೂತವರಿಗೆ ಬೇಸರ ಖಿನ್ನತೆಯಾಗಿ ಬದಲಾಗಿರುತ್ತದೆ, ಖಿನ್ನತೆ ಮರೆವಿನ ವೇಷದಲ್ಲಿ ಬರುತ್ತದೆ. ‘ವಯಸ್ಸಾಯ್ತಲ್ಲ’ ಅನ್ನುವ ಮಾತು ಇದೆಯಲ್ಲ, ಅದನ್ನು ಈ ಪರೀಕ್ಷೆಗಳೆಲ್ಲ ಆದ ಮೇಲೆ ಹೇಳಬೇಕು, ಮೊದಲೇ ಅಲ್ಲ. ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ.

ಚಿಕ್ಕಪ್ಪನ ಅನುಮಾನಕ್ಕೆ: ಪಾರ್ಕಿನ್ಸನ್‌ನಲ್ಲಿ ಕೈ ತೊಡೆ ಮೇಲೆ ಸುಮ್ಮನೆ ಇಟ್ಟಾಗ ನಡುಗುತ್ತದೆ, ನಡಿಗೆ ನಿಧಾನ ಆಗುತ್ತದೆ, ಕೈಬರಹ ಸಣ್ಣದಾಗುತ್ತಾ ಹೋಗುತ್ತದೆ. ಎಸೆನ್ಷಿಯಲ್ ಟ್ರೆಮರ್‌ನಲ್ಲಿ ಬರಹ ದೊಡ್ಡದಾಗಿ, ಅಂಕುಡೊಂಕಾಗಿ ಇರುತ್ತದೆ. ಅಪರೂಪಕ್ಕೆ ಒಬ್ಬರಿಗೇ ಎರಡೂ ಬರುವುದುಂಟು, ಆದ್ದರಿಂದ ಒಮ್ಮೆ ಪರೀಕ್ಷೆ ಮಾಡಿಸುವುದರಲ್ಲಿ ತಪ್ಪಿಲ್ಲ. ಮಗಳೇ ಜೊತೆಗೆ ಹೋಗಿ, ಅಮ್ಮ ಒಬ್ಬರೇ ಹೋದರೆ ‘ಎಲ್ಲಾ ಚೆನ್ನಾಗಿದೆ’ ಅಂದು ಬಂದುಬಿಡುತ್ತಾರೆ.

ಪ್ರಶ್ನೆ: ಸರ್, ನನಗೆ 68. ಎರಡು ವರ್ಷದ ಕೆಳಗೆ, ಅಂದರೆ 66ನೇ ವಯಸ್ಸಲ್ಲಿ ನಡುಕ ಶುರುವಾಯ್ತು. ಈ ಕಾಯಿಲೆ ಇದ್ದರೆ ಡಿಮೆನ್ಷಿಯಾ ಮೂರು ಪಟ್ಟು ಜಾಸ್ತಿ ಅಂತ ಮೊಬೈಲಲ್ಲಿ ಓದಿದೆ. ಆವತ್ತಿನಿಂದ ನಿದ್ದೆ ಇಲ್ಲ. ನಿಜಾನಾ?
– ನಿವೃತ್ತ ನೌಕರ, ಮಂಡ್ಯ

ಉತ್ತರ: ನೀವು ಓದಿದ್ದು ಸುಳ್ಳಲ್ಲ, ಅರ್ಧ. 2024ರಲ್ಲಿ ಅಮೆರಿಕದಿಂದ ಬಂದ ಅಧ್ಯಯನ ಅದು. ಎಸೆನ್ಷಿಯಲ್ ಟ್ರೆಮರ್ ಇರುವ 222 ಜನರನ್ನು ಸರಾಸರಿ ಐದು ವರ್ಷ ಗಮನಿಸಿದರು. ಡಿಮೆನ್ಷಿಯಾ, ಅಂದರೆ ದಿನದ ಕೆಲಸಕ್ಕೇ ಅಡ್ಡಿಯಾಗುವ ಮಟ್ಟದ ಮರೆವು, ಅದರ ಪ್ರಮಾಣ ಸಾಮಾನ್ಯ ಜನರಿಗಿಂತ ಮೂರು ಪಟ್ಟು ಅಂತ ಬಂತು, ಪಾರ್ಕಿನ್ಸನ್ ಇರುವವರಿಗಿಂತ ಕಡಿಮೆ ಅಂತಲೂ ಬಂತು. ಆದರೆ ಆ 222 ಜನರ ಸರಾಸರಿ ವಯಸ್ಸು 79, ಅದನ್ನು ಮೊಬೈಲಿನ ಸುದ್ದಿಯಲ್ಲಿ ದೊಡ್ಡದಾಗಿ ಹಾಕುವುದಿಲ್ಲ. ಅಷ್ಟು ವಯಸ್ಸಾದವರಲ್ಲೂ ಹೆಚ್ಚಿನವರಿಗೆ ಡಿಮೆನ್ಷಿಯಾ ಬರಲಿಲ್ಲ.

ನಿಮಗೆ ಇನ್ನೊಂದು ವಿಷಯ ಮುಚ್ಚಿಡುವುದಿಲ್ಲ. ಸ್ಪೇನಿನ ಮಧ್ಯಭಾಗದಲ್ಲಿ 1994ರಿಂದ 65 ದಾಟಿದ ಐದು ಸಾವಿರಕ್ಕೂ ಹೆಚ್ಚು ಜನರನ್ನು ಊರೂರಿನಲ್ಲಿ ಗಮನಿಸಿದ ಒಂದು ದೊಡ್ಡ ಅಧ್ಯಯನ ಇದೆ. ಅಲ್ಲಿ, ನಡುಕ 65ರ ನಂತರ ಶುರುವಾದವರಲ್ಲಿ ಡಿಮೆನ್ಷಿಯಾ ಸಾಧ್ಯತೆ ಸುಮಾರು ಎರಡು ಪಟ್ಟು ಇತ್ತು. ಚಿಕ್ಕ ವಯಸ್ಸಿನಿಂದಲೇ ನಡುಗುತ್ತಿದ್ದವರಲ್ಲಿ ಹಾಗೆ ಕಾಣಲಿಲ್ಲ. ಅಂದರೆ ಹಾಸನದ ಆ ಅಮ್ಮನಿಗಿಂತ ನೀವು ಸ್ವಲ್ಪ ಜಾಸ್ತಿ ಹುಷಾರಾಗಿರಬೇಕು. ಹುಷಾರು ಅಂದರೆ ಭಯ ಅಲ್ಲ, ವರ್ಷಕ್ಕೊಮ್ಮೆ ನೆನಪಿನ ಪರೀಕ್ಷೆ. ಹೋದ ವರ್ಷದ ಅಂಕ ಕೈಯಲ್ಲಿದ್ದರೆ ಈ ವರ್ಷದ್ದನ್ನು ಪಕ್ಕದಲ್ಲಿಟ್ಟು ನೋಡಬಹುದು, ಒಂದೇ ಸಲದ ಅಂಕಕ್ಕಿಂತ ಅದು ಎಷ್ಟೋ ಮೇಲು.

ಮಿಕ್ಕಿದ್ದು ನಿಮ್ಮ ಕೈಯಲ್ಲೇ ಇದೆ. ಡಿಮೆನ್ಷಿಯಾಕ್ಕೆ ದಾರಿ ಮಾಡುವ 14 ಕಾರಣಗಳನ್ನು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿತು, ಅವನ್ನೆಲ್ಲ ಸರಿಮಾಡಿಕೊಂಡರೆ ಜಗತ್ತಿನ ಸುಮಾರು 45% ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂತ ಅದರ ಅಂದಾಜು. ಬಿಪಿ, ಶುಗರ್, ಕೆಟ್ಟ ಕೊಲೆಸ್ಟ್ರಾಲ್, ಸಿಗರೇಟು, ಮದ್ಯ, ಕಿವಿ ಮಂದ, ಕಣ್ಣಿನ ಪೊರೆ ತೆಗೆಸದೆ ಬಿಡುವುದು, ಒಂಟಿತನ, ಓಡಾಟ ಇಲ್ಲದಿರುವುದು, ಇಂಥವೇ ಅದರಲ್ಲಿವೆ. ಎಸೆನ್ಷಿಯಲ್ ಟ್ರೆಮರ್ ಆ ಪಟ್ಟಿಯಲ್ಲಿ ಇಲ್ಲ. ಬಿಪಿ ಮಾತ್ರೆ ಬಿಡದೆ ತೆಗೆದುಕೊಳ್ಳುವುದು ಮೊಬೈಲಲ್ಲಿ ರಾತ್ರಿ ಎರಡು ಗಂಟೆವರೆಗೆ ಕಾಯಿಲೆ ಹುಡುಕುವುದಕ್ಕಿಂತ ಮಿದುಳಿಗೆ ಒಳ್ಳೆಯದು. ನಿದ್ದೆ ಮಾಡಿ ಸರ್.

ಪ್ರಶ್ನೆ: ನಮ್ಮ ಅಪ್ಪ ನಿವೃತ್ತ ಮೇಷ್ಟ್ರು. ಗಡಿಯಾರದ ಚಿತ್ರ ಬಿಡಿಸುವ, ಐದು ಪದ ನೆನಪಿಡುವ ಟೆಸ್ಟ್ ಮಾಡಿದರು, ಮೂವತ್ತಕ್ಕೆ ಇಪ್ಪತ್ತೆರಡು ಬಂತು. ಮನೆಯಲ್ಲೆಲ್ಲ ಗಾಬರಿ. ಆದರೆ ಅಪ್ಪನ ಕೈಯಲ್ಲಿ ಪೆನ್ನೇ ನಿಲ್ಲುವುದಿಲ್ಲ, ಗಡಿಯಾರ ಹೇಗೆ ಬಿಡಿಸಬೇಕು?
– ಮಗ, ಧಾರವಾಡ

ಉತ್ತರ: ಒಳ್ಳೆ ಪ್ರಶ್ನೆ, ಎಷ್ಟೋ ಕಡೆ ಪರೀಕ್ಷೆ ಮಾಡುವವರೇ ಇದನ್ನು ಕೇಳಿಕೊಳ್ಳುವುದಿಲ್ಲ. ನೀವು ಹೇಳುವುದು ಮೋಕಾ ಅನ್ನುವ ಪರೀಕ್ಷೆ ಇರಬೇಕು. ಅದರಲ್ಲಿ 26 ಮತ್ತು ಮೇಲೆ ಬಂದರೆ ಸರಿ ಅಂತ ಲೆಕ್ಕ. ಆದರೆ ಚುಕ್ಕಿ ಜೋಡಿಸುವುದಕ್ಕೆ 1, ಘನಾಕೃತಿ ಬಿಡಿಸುವುದಕ್ಕೆ 1, ಗಡಿಯಾರಕ್ಕೆ 3, ಒಟ್ಟು 5 ಅಂಕ ಪೂರ್ತಿ ಕೈ ಮೇಲೆ ನಿಂತಿವೆ. ಆ ಹಾಳೆಯ ನಕಲು ತೆಗೆದುಕೊಂಡು ಎಲ್ಲೆಲ್ಲಿ ಅಂಕ ಹೋಗಿದೆ ನೋಡಿ. ಗೆರೆ ಸೊಟ್ಟ ಇದೆ ಆದರೆ ಅಂಕಿಗಳು ಸರಿಯಾದ ಜಾಗದಲ್ಲಿವೆ, ಮುಳ್ಳುಗಳು ಹೇಳಿದ ಸಮಯವನ್ನೇ ತೋರಿಸುತ್ತಿವೆ ಅಂದರೆ ತಲೆಯ ತಪ್ಪಲ್ಲ, ಅದಕ್ಕೆ ಅಂಕ ಕಳೆಯಬಾರದು. ಹನ್ನೆರಡು ಅಂಕಿಯೂ ಒಂದೇ ಪಕ್ಕದಲ್ಲಿ ತುಂಬಿವೆ ಅಂದರೆ ಕೈ ಮೇಲೆ ಹಾಕಿ ಬಿಡಬೇಡಿ. ಪದ ನೆನಪು, ಒಂದು ನಿಮಿಷದಲ್ಲಿ ಒಂದೇ ಅಕ್ಷರದ ಪದ ಹೇಳುವುದು, ನೂರರಿಂದ ಏಳೇಳು ಕಳೆಯುವುದು, ಇಲ್ಲೆಲ್ಲ ಹೇಗೆ ಮಾಡಿದ್ದಾರೆ ಅನ್ನುವುದು ಮುಖ್ಯ.

ಪರೀಕ್ಷೆ ಕನ್ನಡದಲ್ಲೇ ಮಾಡಿದರಾ? ಮೋಕಾ ಕನ್ನಡದಲ್ಲಿ ಇದೆ. ಐಸಿಎಂಆರ್‌ನವರು ನಮ್ಮ ದೇಶದ ಭಾಷೆಗಳಿಗೆ ಅಂತಲೇ ಮಾಡಿಸಿದ ಪರೀಕ್ಷೆಗಳ ಗಂಟೂ ಕನ್ನಡದಲ್ಲಿದೆ. ಮೇಷ್ಟ್ರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಅಂತ ಇಂಗ್ಲಿಷಿನಲ್ಲೇ ಕೇಳಿದ್ದರೆ ಮತ್ತೆ ಮಾಡಿಸಿ. ಕನ್ನಡಕ ಹಾಕಿಕೊಂಡು, ಕಿವಿ ಮಷೀನ್ ಇದ್ದರೆ ಅದನ್ನೂ ಹಾಕಿಕೊಂಡು, ಬೆಳಗಿನ ಹೊತ್ತು, ಹೊಟ್ಟೆಗೆ ತಿಂದು ಹೋಗಲಿ. ಇನ್ನೊಂದು ಮಾತು. ಹಾಳೆಗಿಂತ ದೊಡ್ಡ ಪರೀಕ್ಷೆ ಮನೆ. ದುಡ್ಡು ಎಣಿಸುವುದು, ಬಸ್ಸು ಹಿಡಿಯುವುದು, ಮಾತ್ರೆ ತಾವೇ ತೆಗೆದುಕೊಳ್ಳುವುದು ಮೊದಲಿನ ಹಾಗೇ ನಡೆದಿದೆಯಾ? ನಡೆದಿದ್ದರೆ ಅದಕ್ಕೆ ಡಿಮೆನ್ಷಿಯಾ ಅಂತ ಯಾರೂ ಹೆಸರಿಡುವುದಿಲ್ಲ.

ಪ್ರಶ್ನೆ: ಒಂದು ಪೆಗ್ ಹಾಕಿದರೆ ಕೈ ನಿಲ್ಲುತ್ತೆ. ದಿನಾ ಹಾಕಬಹುದಾ?
– ಹೆಸರು, ಊರು ಎರಡೂ ಬೇಡ

ಉತ್ತರ: ಬೇಡ. ನಿಲ್ಲುವುದು ನಿಜ, ಕೆಲವು ಗಂಟೆ ಮಾತ್ರ. ಇಳಿದ ಮೇಲೆ ಮೊದಲಿಗಿಂತ ಜಾಸ್ತಿ ನಡುಗುತ್ತದೆ, ಆಗ ಎರಡನೇ ಪೆಗ್. ವರ್ಷಗಳಾದ ಮೇಲೆ ಮದ್ಯ ಹಾಳುಮಾಡುವುದು ಅದೇ ಕಿರುಮಿದುಳನ್ನು, ಜೊತೆಗೆ ನೆನಪನ್ನು. ಊರಿನ ಹೆಸರು ಬರೆಯದಿದ್ದರೂ ಉತ್ತರ ನಿಮಗೆ ಮೊದಲೇ ಗೊತ್ತಿತ್ತು ಅನಿಸುತ್ತದೆ.

ಪ್ರಶ್ನೆ: ನಮ್ಮ ಯಜಮಾನರಿಗೆ 73. ಕೈ ನಡುಕಕ್ಕೆ ಒಂದು ಕಡೆ ಟ್ರೈಹೆಕ್ಸಿಫೆನಿಡಿಲ್ ಕೊಟ್ಟರು. ಗ್ಯಾಸ್‌ಗೆ ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಕ್ಯಾಪ್ಸೂಲ್, ಮೂರು ವರ್ಷದಿಂದ. ತಲೆ ಸುತ್ತಿಗೆ ಸಿನ್ನರಿಜಿನ್. ಈಗ ನಡಿಗೆಯೇ ನಿಧಾನ, ಮುಖದಲ್ಲಿ ಭಾವನೆ ಇಲ್ಲ, ಸಂಜೆಯಾದರೆ ಗೋಡೆ ಮೇಲೆ ಹುಳ ಓಡಾಡುತ್ತಿವೆ ಅನ್ನುತ್ತಾರೆ. ಅರಳುಮರಳು ಶುರುವಾಯ್ತಾ?
– ಗೃಹಿಣಿ, ಸಾಗರ

ಉತ್ತರ: ಅಮ್ಮಾ, ಈ ಪತ್ರ ಓದಿ ಮೊದಲು ನಿಟ್ಟುಸಿರು ಬಂತು. ಅರಳುಮರಳು ಅನ್ನುವ ಮೊದಲು ಈ ಮೂರನ್ನೂ ಅನುಮಾನಿಸಬೇಕು.

ಟ್ರೈಹೆಕ್ಸಿಫೆನಿಡಿಲ್ ಪಾರ್ಕಿನ್ಸನ್ ನಡುಕಕ್ಕೆ ಇರುವ ಹಳೇ ಔಷಧಿ. ಎಸೆನ್ಷಿಯಲ್ ಟ್ರೆಮರ್‌ಗೆ ಅದು ಮೊದಲ ಆಯ್ಕೆ ಅಲ್ಲವೇ ಅಲ್ಲ, ಪ್ರೊಪ್ರನಲಾಲ್ ಮತ್ತು ಪ್ರಿಮಿಡೋನ್ ಅನ್ನುವ ಎರಡು ಮೊದಲು ಬರುತ್ತವೆ. ವಯಸ್ಸಾದವರಲ್ಲಿ ಇದು ನೆನಪನ್ನು ಕೆಡಿಸುತ್ತದೆ, ಇಲ್ಲದ್ದನ್ನು ಕಾಣಿಸುತ್ತದೆ, ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ, ಪ್ರಾಸ್ಟೇಟ್ ತೊಂದರೆ ಇದ್ದರೆ ಮೂತ್ರ ಕಟ್ಟುತ್ತದೆ. ಗೋಡೆ ಮೇಲಿನ ಹುಳ ಇದರದ್ದೇ ಆಗಿರಬಹುದು.

ಗ್ಯಾಸ್ ಕ್ಯಾಪ್ಸೂಲಿನ ಹಿಂದೆ ಬರೆದಿರುವ ಹೆಸರುಗಳನ್ನು ಯಾರಿಂದಾದರೂ ಓದಿಸಿ. ರಾಬೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಅಂತ ಇದೆಯಾ? ನಮ್ಮ ದೇಶದಲ್ಲಿ ಈ ಜೋಡಿ ಧಾರಾಳವಾಗಿ ಓಡಾಡುತ್ತದೆ, ಔಷಧಿ ಅಂಗಡಿಯಲ್ಲಿ ಹಳೆ ಪಟ್ಟಿ ತೋರಿಸಿದರೆ ಚೀಟಿ ಇಲ್ಲದೆಯೂ ಕೊಡುತ್ತಾರೆ. ಮಿದುಳಿನಲ್ಲಿ ಚಲನೆಯನ್ನು ಸಲೀಸಾಗಿಸುವ ಡೋಪಮೈನ್ ಅನ್ನುವ ರಾಸಾಯನಿಕದ ಕೆಲಸಕ್ಕೆ ಲೆವೊಸಲ್ಪಿರೈಡ್ ಅಡ್ಡ ಬರುತ್ತದೆ. ತಿಂಗಳುಗಟ್ಟಲೆ ತಿಂದರೆ ಥೇಟ್ ಪಾರ್ಕಿನ್ಸನ್ ಹಾಗೇ ಆಗುತ್ತದೆ, ನಿಧಾನ ನಡಿಗೆ, ಭಾವನೆ ಇಲ್ಲದ ಮುಖ, ಸುಮ್ಮನೆ ಕೂತಾಗಲೂ ನಡುಕ. ಸಿನ್ನರಿಜಿನ್, ಫ್ಲುನರಿಜಿನ್ ಕೂಡ ಇದೇ ಕೆಲಸ ಮಾಡಬಲ್ಲವು, ಅವು ಸ್ವಲ್ಪ ಕಾಲ ಮಾತ್ರ ತೆಗೆದುಕೊಳ್ಳುವ ಮಾತ್ರೆಗಳು, ವರ್ಷಗಟ್ಟಲೆ ಅಲ್ಲ. ಹೀಗೆ ಒಂದು ಮಾತ್ರೆ ತಂದ ನಡುಕಕ್ಕೆ ಇನ್ನೊಂದು ಮಾತ್ರೆ, ಅದು ತಂದ ಮರೆವಿಗೆ ಮತ್ತೊಂದು. ಅಸ್ತಮಾದ ಸಾಲ್ಬುಟಮಾಲ್, ಫಿಟ್ಸ್‌ನ ವಾಲ್ಪ್ರೊಯೇಟ್, ಜಾಸ್ತಿಯಾದ ಥೈರಾಯ್ಡ್ ಮಾತ್ರೆ ಕೂಡ ಕೈ ನಡುಗಿಸುತ್ತವೆ ಅನ್ನುವುದು ಬೇರೆ ಓದುಗರಿಗೆ.

ಮಾಡಬೇಕಾದ್ದು ಇಷ್ಟು. ಮನೆಯಲ್ಲಿರುವ ಎಲ್ಲಾ ಮಾತ್ರೆ, ಆಯುರ್ವೇದದ್ದೂ ಸೇರಿ, ಒಂದು ಚೀಲಕ್ಕೆ ಹಾಕಿ ನರರೋಗ ತಜ್ಞರ ಮುಂದೆ ಸುರಿಯಿರಿ. ಹದಿನೈದು ದಿನ ಕಾಯಬೇಡಿ, ಇಲ್ಲದ್ದು ಕಾಣುತ್ತಿದೆ ಅಂದರೆ ಈ ವಾರವೇ ಹೋಗಿ. ಇತ್ತೀಚೆಗೆ ಎಲ್ಲಾದರೂ ಬಿದ್ದು ತಲೆಗೆ ಪೆಟ್ಟಾಗಿದ್ದರೆ ಅದನ್ನು ಮೊದಲು ಹೇಳಿ, ವಯಸ್ಸಾದವರಲ್ಲಿ ವಾರಗಳ ನಂತರವೂ ತಲೆಯೊಳಗೆ ರಕ್ತ ಕೂಡಿರಬಹುದು, ಸ್ಕ್ಯಾನ್ ಬೇಕಾಗುತ್ತದೆ. ಮಾತ್ರೆಯಿಂದಲೇ ಆಗಿದ್ದರೆ ನಿಲ್ಲಿಸಿದ ಮೇಲೆ ಸುಧಾರಿಸಲು ವಾರಗಳು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಹೆಚ್ಚಿನವರು ಸುಧಾರಿಸುತ್ತಾರೆ. ದೂರ ಹೋಗಲು ಆಗದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ ನೋಡಿ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರುಮಾಡಿದ ಮಿದುಳು ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಕ್ಲಿನಿಕ್‌ಗಳನ್ನು ತೆರೆಯುತ್ತಾ ಬಂದಿದ್ದಾರೆ.

ಪ್ರಶ್ನೆ: ಮಾವನವರಿಗೆ 76, ನಡುಕ ಜೋರು, ಊಟ ಮಾಡಿಸಬೇಕು. ಮಿದುಳಿಗೆ ತಂತಿ ಹಾಕುವ ಆಪರೇಷನ್ ಬಗ್ಗೆ ಕೇಳಿದ್ದೇವೆ. ಮರೆವು ಇದ್ದರೆ ಮಾಡಬಹುದಾ?
– ಸೊಸೆ, ಬೆಂಗಳೂರು

ಉತ್ತರ: ನೀವು ಹೇಳುವುದು ಡಿಬಿಎಸ್, ಅಂದರೆ ಡೀಪ್ ಬ್ರೈನ್ ಸ್ಟಿಮ್ಯುಲೇಷನ್. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಬಿಡ್ ಅನ್ನುವವರು ಶುರುಮಾಡಿದ ವಿಧಾನ, ಕೈ ನಡುಕಕ್ಕೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಕೊಯ್ಯದೆ ಅಲ್ಟ್ರಾಸೌಂಡ್ ಅಲೆ ಬಿಟ್ಟು ಮಾಡುವ ಇನ್ನೊಂದು ಬಗೆಗೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಈ ಎರಡೂ ವಿಧಾನಗಳು ಕೈ ನಡುಕವನ್ನು ನಿಲ್ಲಿಸುತ್ತವೆ, ಮರೆವನ್ನು ಸರಿಮಾಡುವುದಿಲ್ಲ. ಡಿಬಿಎಸ್ ಎರಡೂ ಕಡೆ ಮಾಡಿದಾಗ ಕೆಲವರಿಗೆ ಮಾತು ತೊದಲುವುದು, ಪದ ಸಿಗದಿರುವುದು ಜಾಸ್ತಿ ಆಗುವುದುಂಟು. ಅದಕ್ಕೇ ಮೊದಲು ಅರ್ಧ ದಿನ ಕೂರಿಸಿ ಯೋಚನೆ, ನೆನಪಿನ ಪರೀಕ್ಷೆ ಮಾಡುತ್ತಾರೆ. ಸಣ್ಣ ಮರೆವು ಇದ್ದರೆ ಮಾಡಬಾರದು ಅಂತೇನಿಲ್ಲ, ಡಿಮೆನ್ಷಿಯಾ ಇದ್ದರೆ ಸಾಮಾನ್ಯವಾಗಿ ಮಾಡುವುದಿಲ್ಲ. ಆ ಪರೀಕ್ಷೆ ಮಾಡದೆ ನೇರ ಆಪರೇಷನ್ ದಿನಾಂಕ ಕೊಡುವವರು ಸಿಕ್ಕರೆ ಬೇರೆ ಕಡೆ ನೋಡಿ. ಅಲ್ಲಿಯವರೆಗೆ ಭಾರದ ಚಮಚ, ಮುಚ್ಚಳ ಇರುವ ಲೋಟ, ಮೊಣಕೈ ಮೇಜಿನ ಮೇಲೆ ಊರಿ ತಿನ್ನುವುದು, ಇಷ್ಟಾದರೂ ಮಾಡಿಸಿ. ತಾವೇ ತಿಂದರೆ ಅವರಿಗೂ ಸಮಾಧಾನ.

ಪ್ರಶ್ನೆ: ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲ ಅಂತ ಚೆಕ್ ವಾಪಸ್. ಗಾಬರಿಯಲ್ಲಿ ಖಾತೆ ನಂಬರೂ ಮರೆತುಹೋಯ್ತು, ಕೌಂಟರಿನವರು ‘ಅಜ್ಜಂಗೆ ಏನೂ ನೆನಪಿಲ್ಲ’ ಅಂದರು. ಅವಮಾನ ಆಯ್ತು.
– ಪಿಂಚಣಿದಾರ, ಚಿತ್ರದುರ್ಗ

ಉತ್ತರ: ನಾಲ್ಕು ಜನ ನೋಡುತ್ತಿದ್ದಾಗ ಕೈ ಜಾಸ್ತಿ ನಡುಗುತ್ತದೆ, ನಡುಕ ಅಡಗಿಸುವುದರಲ್ಲೇ ಗಮನ ಪೂರ್ತಿ ಹೋಗುತ್ತದೆ, ಆಗ ಯಾರಿಗಾದರೂ ನಂಬರ್ ಮರೆಯುತ್ತದೆ. ಅಷ್ಟಕ್ಕೇ ಮರೆವಿನ ರೋಗ ಅಂದುಕೊಳ್ಳಬೇಡಿ. ಕಾಯಿಲೆಯಿಂದ ಸಹಿ ಮಾಡಲಾಗದ ಖಾತೆದಾರರಿಗೆ ಹೆಬ್ಬೆಟ್ಟಿಗೆ ಅವಕಾಶ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ, ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿ ಇರಬೇಕು, ಅವರಲ್ಲಿ ಒಬ್ಬರು ಜವಾಬ್ದಾರಿಯುತ ಬ್ಯಾಂಕ್ ಅಧಿಕಾರಿಯೇ ಆಗಿರಬೇಕು. ಮ್ಯಾನೇಜರಿಗೆ ಡಾಕ್ಟರ ಚೀಟಿ ಸಮೇತ ಒಂದು ಅರ್ಜಿ ಕೊಟ್ಟು ಹೊಸ ಸಹಿಯನ್ನೂ ದಾಖಲಿಸಿ. ನವೆಂಬರಿನ ಜೀವನ ಪ್ರಮಾಣಪತ್ರವನ್ನು ಈಗ ಮೊಬೈಲಿನಲ್ಲಿ ಮುಖ ತೋರಿಸಿಯೇ ಕೊಡಬಹುದು, ಸಹಿಯೂ ಬೇಡ, ಸಾಲಿನಲ್ಲಿ ನಿಲ್ಲುವುದೂ ಬೇಡ.